ಬಿದ್ದವನಿಗೆ ನೀರು

"ಗುರುಗಳೇ, ಮೊಬೈಲಿನಲ್ಲಿ ಗುಂಡು ಹೊಡೆದು ಜನರನ್ನು ಸಾಯಿಸುವ ಆಟ ಆಡಿದರೆ ಮಕ್ಕಳು ಕೆಡುತ್ತಾರೆಯೇ?"

ಕೇಳಿದವನು ಶಿಷ್ಯ ಪಾಲಾಕ್ಷ. ಕೇಳಿದ್ದು ಚಹಾದ ಅಂಗಡಿಯ ಬೆಂಚಿನ ಮೇಲೆ. ಗುರುಗಳಿಗೆ ಮಠವಿರಲಿಲ್ಲ. ಆ ಬೆಂಚೇ ಮಠ.

ಪಾಲಾಕ್ಷ ಜೇಬಿನಿಂದ ಮೊಬೈಲು ತೆಗೆದು ಇಬ್ಬರ ನಡುವೆ ಇಟ್ಟ.

"ನಿನ್ನೆ ಮಗನ ಕೈಯಿಂದ ಕಸಿದುಕೊಂಡೆ. ಕೊಡಲ್ಲ ಅಂದ. ಕೆನ್ನೆಗೆ ಒಂದು ಬಿಟ್ಟೆ, ಬಿದ್ದ. ಬೀಳಲಿ, ಬುದ್ಧಿ ಬರುತ್ತೆ. ಆದರೆ ಆಗಿನಿಂದ ಊಟ ಮಾಡಿಲ್ಲ. ನನ್ನ ಮುಖ ನೋಡುತ್ತಿಲ್ಲ. ಈ ಆಟವೇ ಅವನನ್ನು ಹೀಗೆ ಕಲ್ಲು ಮಾಡಿದೆ. ಇದನ್ನು ಒಡೆದುಹಾಕಲೋ, ಅವನಿಗೇ ಹಿಂದಿರುಗಿಸಲೋ? ನೀವು ಹೇಳಿದ ಹಾಗೆ ಮಾಡುತ್ತೇನೆ."

"ಸರಿಯಾದವನನ್ನೇ ಕೇಳಿದೆ," ಎಂದರು ಗುರುಗಳು. "ಈ ಆಟದಲ್ಲಿ ನನ್ನನ್ನು ಸೋಲಿಸಿದವರು ದೇಶದಲ್ಲೇ ಇಲ್ಲ. ನನ್ನ ಹೆಸರು ಕೇಳಿದರೆ ಜಪಾನಿನ ಮಕ್ಕಳು ಬಂದೂಕು ಕೆಳಗಿಟ್ಟು ಕೈಮುಗಿಯುತ್ತಾರೆ."

ಚಹಾ ಮುಗಿಸಿ ಲೋಟ ಕೆಳಗಿಟ್ಟರು.

"ಸುಳ್ಳು. ಒಂದೇ ಸಲ ಆಡಿದ್ದೆ. ಯಾವ ಗುಂಡಿ ಒತ್ತಬೇಕು ಎಂದು ಹುಡುಕುವಷ್ಟರಲ್ಲಿ ಸತ್ತುಹೋಗಿದ್ದೆ. ‘ಅಂಕಲ್, ಗೋಡೆ ಹಿಂದೆ ಬಚ್ಚಿಟ್ಟುಕೊಳ್ಳಿ’ ಅಂತ ಜೊತೆಗೆ ಆಡುತ್ತಿದ್ದ ಯಾವುದೋ ಮಗು ಮೊಬೈಲಿನ ಒಳಗಿಂದ ಕೂಗುತ್ತಿತ್ತು. ಹಾಗಾಗಿ ನನಗೆ ಗೊತ್ತಿರುವ ಒಂದು ಕತೆ ಹೇಳುತ್ತೇನೆ. ಇದು ನಿಜವಾಗಿ ನಡೆದದ್ದು. ನಾನೇ ಕಟ್ಟಿದ್ದು ಎಂದು ಯಾರಾದರೂ ಹೇಳಿದರೆ, ಅದೂ ನಿಜ."

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಬಯಲಾಟದ ವೇಷಗಾರನಿದ್ದ. ಆಟವಿದ್ದಾಗಲೆಲ್ಲ ಅವನು ರಾಕ್ಷಸನನ್ನು ಕೊಲ್ಲಬೇಕು. ಅದೇ ಅವನ ಪಾತ್ರ. ಅವನು ಗದೆ ಎತ್ತಿದರೆ ಮುಂದೆ ಕುಳಿತ ಮಕ್ಕಳು ತಾಯಂದಿರ ಸೆರಗು ಹಿಡಿಯುತ್ತಿದ್ದವು.

ಆ ಮೇಳದಲ್ಲಿ ಒಂದು ಕಟ್ಟಳೆ ಇತ್ತು. ರಾಕ್ಷಸ ಬಿದ್ದು ಪರದೆ ಮುಚ್ಚಿದ ಕೂಡಲೆ, ಕೊಂದವನು ಬಿದ್ದವನ ಕೈ ಹಿಡಿದು ಎಬ್ಬಿಸಬೇಕು. ತನ್ನ ಕೈಯಾರೆ ನೀರು ಕುಡಿಸಬೇಕು. ಬಿದ್ದವನು "ಸಾಕು" ಎನ್ನಬೇಕು. ಆಮೇಲೆ ಕಿರೀಟ ಕಳಚುವುದು. ಇಬ್ಬರೂ ಎಷ್ಟೇ ದಣಿದಿರಲಿ, ಅವತ್ತೇ ಇಬ್ಬರಿಗೂ ನಿಜವಾದ ಜಗಳವಾಗಿರಲಿ, ಈ ನೀರು ಮಾತ್ರ ತಪ್ಪುವಂತಿಲ್ಲ. ನೀರು ಕೊಡದೆ ಕಿರೀಟ ತೆಗೆದಿಟ್ಟರೆ ಅದು ತಲೆಯ ಮೇಲೇ ಉಳಿಯುತ್ತದೆ ಎಂದು ಮೇಳದ ಹಿರಿಯರು ಹೊಸಬರನ್ನು ಹೆದರಿಸುತ್ತಿದ್ದರು.

ವೇಷಗಾರನಿಗೆ ಒಬ್ಬಳು ಮಗಳು. ಪರದೆಯ ಹಿಂದೆಯೇ ಬೆಳೆದವಳು. ತೆಂಗಿನ ಮಟ್ಟೆಯೇ ಅವಳ ಗದೆ. ಕೇರಿಯ ಮಕ್ಕಳನ್ನೆಲ್ಲ ಅವಳು ದಿನವೂ ಕೊಲ್ಲುತ್ತಿದ್ದಳು.

ಪಕ್ಕದ ಮನೆಯಲ್ಲಿ ಒಬ್ಬ ವ್ಯಾಪಾರಿ. ಅವನ ಮಗಳು ದಿನವೂ ಸಾಯುವವಳು. ಒಂದು ದಿನ ವ್ಯಾಪಾರಿ ವೇಷಗಾರನ ಜಗಲಿ ಹತ್ತಿ ಬಂದ.

"ಏನಪ್ಪಾ, ನನ್ನ ಮಗಳು ಇವತ್ತೂ ಮೈಯೆಲ್ಲ ಮಣ್ಣು ಮೆತ್ತಿಕೊಂಡು ಬಂದಿದ್ದಾಳೆ. ಏನಾಯ್ತೇ ಅಂದರೆ, ಸತ್ತೆ ಅಂತಾಳೆ. ಕೊಂದವರು ಯಾರೇ ಅಂದರೆ, ನಿನ್ನ ಮಗಳ ಹೆಸರು ಹೇಳ್ತಾಳೆ. ನೀನು ಕುಣಿಯೋದು ನೋಡಿ ತಾನೆ ಅದು ಕಲಿತದ್ದು? ದೊಡ್ಡವಳಾದ ಮೇಲೆ ಯಾರ ತಲೆ ಒಡೀತಾಳೋ!"

"ನಾಳೆ ಬನ್ನಿ ಸಾಹುಕಾರ್ರೇ," ಎಂದ ವೇಷಗಾರ. "ಇಬ್ಬರೂ ಮರೆಯಲ್ಲಿ ನಿಂತು ನೋಡೋಣ. ನನ್ನ ಮಗಳು ಕೆಟ್ಟಿದ್ದರೆ ಗದೆ ಸುಟ್ಟು ವೇಷ ಬಿಡ್ತೀನಿ. ಇಲ್ಲದಿದ್ದರೆ ಕೇರಿಯವರ ಎದುರಿಗೆ ನೀವು ತಪ್ಪಾಯ್ತು ಅನ್ನಬೇಕು."

ಮರುದಿನ ಇಬ್ಬರೂ ಹುಲ್ಲಿನ ಬಣವೆಯ ಹಿಂದೆ ಬಗ್ಗಿ ನಿಂತರು.

"ಆ ಬಣವೆಯ ಮೇಲೆ ನಾನೂ ಕುಳಿತಿದ್ದೆ," ಎಂದರು ಗುರುಗಳು. ಪಾಲಾಕ್ಷ ಅವರ ಮುಖ ನೋಡಿದ. "ಆಯಿತು, ಕುಳಿತಿರಲಿಲ್ಲ. ಬಣವೆ ಇದ್ದದ್ದು ನಿಜ," ಎಂದು ಮುಂದುವರಿಸಿದರು.

ವೇಷಗಾರನ ಮಗಳು ಮಟ್ಟೆ ಬೀಸಿದಳು. ವ್ಯಾಪಾರಿಯ ಮಗಳು ಎದೆ ಹಿಡಿದುಕೊಂಡು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನರಳಿ, ಬಿದ್ದಳು. ವ್ಯಾಪಾರಿ ಹಲ್ಲು ಕಡಿದ. ಅಷ್ಟರಲ್ಲಿ ಕೊಂದವಳು ಮಟ್ಟೆ ಕೆಳಗಿಟ್ಟು ಓಡಿದಳು. ತೆಂಗಿನ ಚಿಪ್ಪಿನಲ್ಲಿ ನೀರು ತಂದಳು. ಸತ್ತವಳ ತಲೆ ಎತ್ತಿ ಕುಡಿಸಿದಳು.

"ಸಾಕೇನೇ?"

"ಇನ್ನೂ ಸ್ವಲ್ಪ."

ಇನ್ನೂ ಸ್ವಲ್ಪ ಕುಡಿಸಿದಳು. "ಸಾಕು" ಎಂದ ಮೇಲೆಯೇ ತನ್ನ ತಲೆಯ ಮುತ್ತುಗದ ಎಲೆಯ ಕಿರೀಟ ತೆಗೆದಿಟ್ಟಳು.

ವೇಷಗಾರ ಮೀಸೆ ತಿರುವಿದ. ಆಗಲೇ ಹೊರಟುಬಿಟ್ಟಿದ್ದರೆ ಅವನು ಗೆದ್ದಿರುತ್ತಿದ್ದ. ಆದರೆ ಗೆದ್ದದ್ದನ್ನು ಇನ್ನೂ ಸ್ವಲ್ಪ ಹೊತ್ತು ನೋಡುವ ಆಸೆ. ಅಲ್ಲೇ ನಿಂತ.

"ಈಗ ಮನೆ ಆಟ," ಎಂದಳು ವೇಷಗಾರನ ಮಗಳು. "ನಾನು ಅಪ್ಪ. ನೀನು ಮಗಳು. ನೀನು ಹಾಲು ಚೆಲ್ಲಿದೀಯ."

ಅವಳು ಕಾಲು ಅಗಲಿಸಿ ನಿಂತಳು. ಇಲ್ಲದ ಟವೆಲನ್ನು ಹೆಗಲಿನಿಂದ ತೆಗೆದು ಕೊಡವಿದಳು. ವೇಷಗಾರನ ಕೈ ಮೀಸೆಯ ಮೇಲೇ ನಿಂತಿತು. ಅವನು ಯಾವ ಬಯಲಾಟದಲ್ಲೂ ಆಡದ ಪಾತ್ರ ಅದು.

"ಕಣ್ಣು ಎಲ್ಲಿತ್ತೇ ಮುಂಡೇದೇ? ದುಡಿದು ತರೋನಿಗೆ ಗೊತ್ತು ಅದರ ಸಂಕಟ!" ಎಂದು ಕೈ ಬೀಸಿದಳು. ಏಟು ತಾಗಲಿಲ್ಲ, ಆಟವಲ್ಲವೇ. ವ್ಯಾಪಾರಿಯ ಮಗಳು ಬಿದ್ದಳು. ಈ ಸಲ ನರಳಲಿಲ್ಲ. ಸದ್ದು ಮಾಡದೆ ಬಿದ್ದು, ಮೊಣಕಾಲು ಮಡಿಸಿ, ಮುಖ ಮುಚ್ಚಿಕೊಂಡಳು. ಇಲ್ಲಿ ಹೇಗೆ ಬೀಳಬೇಕೆಂದು ಅವಳಿಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವ್ಯಾಪಾರಿ ನೆಲ ನೋಡಿದ.

ಸ್ವಲ್ಪ ಹೊತ್ತು ಕಾದು, ಬಿದ್ದಲ್ಲಿಂದಲೇ ಅವಳು ಕೇಳಿದಳು: "ನೀರು ತಾರೇ."

"ಥೂ, ನಿಂಗೆ ಆಡೋಕೇ ಬರಲ್ಲ. ಮನೆ ಆಟದಲ್ಲಿ ನೀರು ಕೊಡಲ್ಲ ಕಣೇ. ನೀನು ಹಂಗೇ ಬಿದ್ದಿರಬೇಕು. ಅಪ್ಪ ಹೊರಗೆ ಹೋಗ್ತಾನೆ."

"ಹೌದಲ್ವಾ, ಮರೆತಿದ್ದೆ," ಎಂದು ಅವಳು ಮತ್ತೆ ಮುಖ ಮುಚ್ಚಿಕೊಂಡಳು.

ಬಣವೆಯ ಹಿಂದೆ ತಂದೆಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ವೇಷಗಾರ ತನ್ನ ತಲೆ ಮುಟ್ಟಿಕೊಂಡ. ಅಲ್ಲಿ ಏನೂ ಇರಲಿಲ್ಲ. ಆದರೂ ಏನನ್ನೋ ಕಳಚಲು ಹೋದವನಂತೆ ಅವನ ಬೆರಳುಗಳು ತಡಕಾಡಿದವು. ವ್ಯಾಪಾರಿ ಬಂದ ದಾರಿ ಬಿಟ್ಟು ಬೇರೆ ದಾರಿ ಹಿಡಿದ. ತಪ್ಪಾಯ್ತು ಎಂದು ಯಾರೂ ಯಾರಿಗೂ ಹೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಈ ಮೊಬೈಲಿನ ಆಟದಿಂದ ಏನೂ ಆಗುವುದಿಲ್ಲ ಎನ್ನುತ್ತೀರಾ?" ಎಂದ ಪಾಲಾಕ್ಷ. ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

"ಹಾಗೆ ನಾನೆಲ್ಲಿ ಹೇಳಿದೆ? ಅದರಲ್ಲಿ ಬಿದ್ದವನನ್ನು ಬಿಟ್ಟು ಮುಂದಕ್ಕೆ ಓಡುವುದೇ ಆಟ. ನಾನು ಬಿದ್ದಾಗ ಯಾರೂ ನಿಲ್ಲಲಿಲ್ಲ. ಅಂಕಲ್ ಎಂದ ಮಗುವೂ ಓಡಿತು. ಅದನ್ನೇ ದಿನವಿಡೀ ಆಡುವ ಮಗುವಿನ ಬಗ್ಗೆ ನನಗೂ ಭಯವಿದೆ. ಆ ಆಟದ ಒಳಗೆ ನೀರಿಲ್ಲ. ಹೊರಗಿನಿಂದ, ಪಕ್ಕದಲ್ಲಿ ಕುಳಿತವರು ತರಬೇಕು."

ಪಾಲಾಕ್ಷ ಮೊಬೈಲನ್ನು ಕೈಗೆತ್ತಿಕೊಂಡ. ಮತ್ತೆ ಬೆಂಚಿನ ಮೇಲಿಟ್ಟ.

"ನಿನ್ನೆ ನಿನ್ನ ಮಗ ಬಿದ್ದನಲ್ಲ," ಎಂದರು ಗುರುಗಳು, "ಎಬ್ಬಿಸಿದವರು ಯಾರು?"

ಪಾಲಾಕ್ಷ ಬಲಗೈಯನ್ನು ಮೆಲ್ಲನೆ ತೊಡೆಯ ಕೆಳಗೆ ಸರಿಸಿಕೊಂಡ.

ಗುರುಗಳು ಅಂಗಡಿಯವನಿಗೆ ಬೆರಳೆತ್ತಿ ತೋರಿಸಿದರು. ಚಹಾ ಬಂತು. ಲೋಟವನ್ನು ಪಾಲಾಕ್ಷನ ಮುಂದೆ ಸರಿಸಿದರು.

"ಕುಡಿ. ಕೆಡವಿದವನು ನಾನು, ಕುಡಿಸಬೇಕಾದವನೂ ನಾನೇ. ಎರಡು ಲೋಟದ ದುಡ್ಡು ಮಾತ್ರ ನೀನೇ ಕೊಟ್ಟುಬಿಡು."