ಜೇನಜ್ಜನ ಹುಲ್ಲುಗಾಡಿ, ಮುಸುವನ ಚೀಲ

ಒಂದು ಕಾಡಿನಲ್ಲಿ ಒಂದು ಹುಲ್ಲುಗಾಡಿ ಇತ್ತು. ಕಾಡಿನ ಅಂಚಿನ ಬಂಗಲೆಯವರು ಬಿಟ್ಟುಹೋದ, ಹುಲ್ಲು ಕತ್ತರಿಸುವ ಗಾಡಿ ಅದು. ನಾಲ್ಕು ಚಕ್ರ, ಮೇಲೆ ಒಂದು ಸೀಟು, ಹೊಟ್ಟೆಯ ಕೆಳಗೆ ಗರಗರ ತಿರುಗುವ ಬ್ಲೇಡು. ಮೇಲೆ ಕೂತು ಓಡಿಸಿದರೆ ಎಂಥ ಹುಲ್ಲೂ ಚಾಪೆ ಹಾಸಿದಂತೆ ಮಟ್ಟವಾಗುತ್ತಿತ್ತು.

ಅದನ್ನು ಓಡಿಸುತ್ತಿದ್ದವನು ಒಬ್ಬ ಮುದಿ ಕರಡಿ. ಎಲ್ಲರೂ ಅವನನ್ನು ಜೇನಜ್ಜ ಎನ್ನುತ್ತಿದ್ದರು. ಅವನು ಬಯಲಿನ ಹುಲ್ಲನ್ನು ಗಿಡ್ಡವಾಗಿಟ್ಟಿದ್ದರಿಂದ ಚಿರತೆಗೆ ಅಡಗಲು ಜಾಗವೇ ಇರಲಿಲ್ಲ. ಮೊಲಗಳು ಮರಿಗಳನ್ನು ಆಡಲು ಬಿಟ್ಟು ನಿಶ್ಚಿಂತೆಯಾಗಿದ್ದವು. ಆದರೆ ಆ ಮಳೆಗಾಲ ಕಳೆಯುವಷ್ಟರಲ್ಲಿ ಜೇನಜ್ಜನ ಕಣ್ಣಿಗೆ ಪೊರೆ ಬಂತು. ಅವನು ಗಾಡಿಯ ಕೀಲಿಯನ್ನು ಸೊಸೆ ತುಂಗವ್ವನ ಕೈಗಿಟ್ಟ.

"ಇನ್ನು ಈ ಕೆಲಸ ನಿಂದವ್ವಾ. ಮೊಲದ ಮರಿಗಳ ಜೀವ ನಿನ್ನ ಕೈಲಿದೆ" ಎಂದ.

ತುಂಗವ್ವ ಬಹಳ ದೂರದ ಬೆಟ್ಟದಿಂದ ಮದುವೆಯಾಗಿ ಬಂದವಳು. ಹಿರಿಯರು ಕೂರುವ ಬಂಡೆಯ ಮೇಲೆ ಕಿರಿಯರು ಕೂರಬಾರದು ಎಂದು ಅವಳ ತವರಿನಲ್ಲಿ ಕಲಿಸಿದ್ದರು. ಮಾವ ಕೂತು ಕೂತು ಗುಳಿ ಬಿದ್ದ ಸೀಟಿನ ಮೇಲೆ ಅವಳು ಹೇಗೆ ಕೂತಾಳು? ಸೀಟನ್ನು ಸೊಪ್ಪಿನಿಂದ ಒರೆಸಿದಳು. ಅದಕ್ಕೆ ಕೈಮುಗಿದಳು. ಪಕ್ಕದ ಮೆಟ್ಟಿಲಿನ ಮೇಲೆ ನಿಂತುಕೊಂಡು ಕೀಲಿ ತಿರುಗಿಸಿದಳು.

ಗಾಡಿ ಗುರ್ರ್ ಎಂದು ಶುರುವಾಯಿತು. ಬ್ರೇಕ್ ಬಿಟ್ಟಳು. ಫಟ್! ನಿಂತೇಹೋಯಿತು.

ಮತ್ತೆ ತಿರುಗಿಸಿದಳು. ಗುರ್ರ್. ಬ್ರೇಕ್ ಬಿಟ್ಟಳು. ಫಟ್!

ತುಂಗವ್ವ ತಲೆ ಕೆರೆದುಕೊಂಡಳು. ಕೆಟ್ಟಿದ್ದರೆ ಶುರುವಾಗಬಾರದು. ಕೆಡದಿದ್ದರೆ ನಿಲ್ಲಬಾರದು. ಇದೇನಿದು? ಎಣ್ಣೆ ನೋಡಿದಳು, ಇತ್ತು. ಚಕ್ರ ಒದ್ದು ನೋಡಿದಳು, ಗಟ್ಟಿಯಾಗಿತ್ತು. ಗವಿಗೆ ಹೋಗಿ ಮಾವನನ್ನು ಕೇಳಿದಳು.

"ನಾನು ಓಡಿಸುವಾಗ ಒಂದು ದಿನವೂ ನಿಂತಿಲ್ಲವಲ್ಲ!" ಎಂದ ಜೇನಜ್ಜ. ಅವನಿಗೂ ಏನೂ ಹೊಳೆಯಲಿಲ್ಲ.

ಹುಲ್ಲು ಮಾತ್ರ ಯಾರನ್ನೂ ಕೇಳದೆ ಬೆಳೆಯಿತು. ಒಂದು ಬೆಳಗ್ಗೆ ಮೊಲಗಳ ಹಿರಿಯಳು ಬಿಳಿಯಕ್ಕ ಏದುಸಿರು ಬಿಡುತ್ತಾ ಬಂದಳು.

"ತುಂಗಕ್ಕಾ, ಹುಲ್ಲು ನಮ್ಮ ಕಿವಿ ದಾಟಿತು. ನಿನ್ನೆ ಅದರೊಳಗೆ ಏನೋ ಅಲ್ಲಾಡಿತು. ಅಳಿಲು ಅಂದ್ಕೊಂಡೆ. ಅಳಿಲಿಗೆ ಚುಕ್ಕೆ ಇರುತ್ತಾ?"

ತುಂಗವ್ವ ಓಡಿಹೋಗಿ ಮುಸುವ ಮೇಸ್ತ್ರಿಯನ್ನು ಕರೆತಂದಳು. ಇಡೀ ಕಾಡಿಗೆ ರಿಪೇರಿ ಗೊತ್ತಿದ್ದ ಕೋತಿ ಅವನೊಬ್ಬನೇ. ಬೆನ್ನಿಗೆ ಸ್ಪ್ಯಾನರುಗಳ ದೊಡ್ಡ ಚೀಲ, ಹಿಂದೆ ಮಾರುದ್ದದ ಬಾಲ.

"ಎಲ್ಲಿ, ಓಡಿಸಿ ತೋರಿಸವ್ವ" ಎಂದ.

ತುಂಗವ್ವ ಮೆಟ್ಟಿಲಿನ ಮೇಲೆ ನಿಂತು ತೋರಿಸಿದಳು. ಗುರ್ರ್, ಫಟ್. ಮುಸುವ ಖಾಲಿ ಸೀಟನ್ನು ನೋಡಿದ. ಅವಳನ್ನು ನೋಡಿದ. ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದ. ಯಾಕೆ ನಕ್ಕನೆಂದು ತುಂಗವ್ವನಿಗೆ ತಿಳಿಯಲಿಲ್ಲ.

"ಬೆಲ್ಟು ಹೋಗಿದೆ" ಎಂದ ಮುಸುವ. ಗಾಡಿಯ ಬೆಲ್ಟನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡ. ಚೀಲದಿಂದ ಇನ್ನೊಂದನ್ನು ತೆಗೆದು ಕೂರಿಸಿದ.

"ಮೇಸ್ತ್ರೀ, ಇದು ಅದಕ್ಕಿಂತ ಹಳೇದರ ಹಾಗೆ ಕಾಣುತ್ತಲ್ಲಾ?"

"ಹಳೇ ಗಾಡಿಗೆ ಹೊಸ ಬೆಲ್ಟು ಒಗ್ಗಲ್ಲ ತಾಯಿ."

ಹೀಗೆಂದು ಅವನು ಚೀಲವನ್ನು ದೊಪ್ಪನೆ ಸೀಟಿನ ಮೇಲೆ ಒಗೆದ.

"ಅಯ್ಯೋ, ಅದು ಮಾವನ ಸೀಟು!"

"ಚೀಲಕ್ಕೆ ಯಾವ ಮಾವನವ್ವಾ?" ಎಂದು ಮುಸುವ ಚೀಲದ ಮೇಲೆ ಕೂತು ಕೀಲಿ ತಿರುಗಿಸಿದ. ಬ್ರೇಕ್ ಬಿಟ್ಟ. ಗಾಡಿ ಜುಮ್ಮೆಂದು ಓಡಿತು! ಒಂದು ಸುತ್ತು ಹಾಕಿ ಬಂದು, ಒಂದು ಮಡಕೆ ಜೇನು ಇಸಕೊಂಡು, ಚೀಲವನ್ನು ಬೆನ್ನಿಗೇರಿಸಿ ಹೊರಟುಹೋದ.

ತುಂಗವ್ವ ಖುಷಿಯಿಂದ ಮೆಟ್ಟಿಲೇರಿ ನಿಂತಳು. ಗುರ್ರ್. ಫಟ್!

ಮರುದಿನ ಅವನು ಪ್ಲಗ್ ಹೋಗಿದೆ ಎಂದ. ಅದಾದ ಮೇಲೆ ಫಿಲ್ಟರ್ ಎಂದ. ಪ್ರತಿಸಲವೂ ಅವನ ಕೈಯಲ್ಲಿ ಗಾಡಿ ಓಡಿತು, ಅವಳ ಕೈಯಲ್ಲಿ ನಿಂತಿತು. ಪ್ರತಿಸಲವೂ ಒಂದು ಮಡಕೆ ಜೇನು ಹೋಯಿತು, ಚೀಲ ಇನ್ನಷ್ಟು ಉಬ್ಬಿತು.

"ಇನ್ನು ಬೇಕಾದ ಪಾರ್ಟು ಸುಲಭಕ್ಕೆ ಸಿಗಲ್ಲ. ಗಾಡಿಯ ನಂಬರ್ ಬೇಕು. ಹುಡುಕಿಡು" ಎಂದ ಮುಸುವ.

ತುಂಗವ್ವ ಗಾಡಿಯ ಕೆಳಗೆ ನುಸುಳಿ, ಮೈಯೆಲ್ಲ ಗ್ರೀಸ್ ಮಾಡಿಕೊಂಡು ಹುಡುಕಿದಳು. ಕಂಡ ನಂಬರುಗಳನ್ನೆಲ್ಲ ಮುತ್ತುಗದ ಎಲೆಯ ಮೇಲೆ ಗೀಚಿ ತಂದಳು. ಮುಸುವ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇದು ಚಕ್ರದ್ದು. ಇದು ಬ್ಯಾಟರಿದು. ಇದು ಎಣ್ಣೆ ಡಬ್ಬಿದು! ಡಬ್ಬಿ ರಿಪೇರಿ ಮಾಡಿಸ್ತೀಯೇನು?"

"ಮತ್ತೆ ಗಾಡಿಯದು ಎಲ್ಲಿದೆ?"

"ನೀನು ಕೈ ಹಾಕದ ಜಾಗದಲ್ಲಿದೆ" ಎಂದು ಮುಸುವ ಮತ್ತೆ ಕಿಸಕ್ಕೆಂದ.

ತುಂಗವ್ವನ ತಲೆ ಗಿರ್ರೆಂದಿತು. ನಾನು ಕೈ ಹಾಕದ ಜಾಗ ಯಾವುದು? ನನ್ನ ಕೈಗುಣವೇ ಸರಿಯಿಲ್ಲವೇ? ಗಾಡಿಗೆ ನನ್ನ ಮೇಲೆ ಸಿಟ್ಟೇ?

ಅಷ್ಟರಲ್ಲಿ ಬಿಳಿಯಕ್ಕ ಬಂದಳು. ಅವಳ ಹಿಂದೆ ಮರಿಗಳೆಲ್ಲ ಸಾಲಾಗಿ ನಿಂತಿದ್ದವು.

"ಹೊರಡ್ತೀವಿ ತುಂಗಕ್ಕಾ. ರಾತ್ರಿ ಅದು ನಮ್ಮ ಬಿಲದ ಬಾಯಿಗೇ ಮೂಗು ಹಾಕಿತ್ತು."

ತುಂಗವ್ವನ ಕಣ್ಣು ತುಂಬಿತು. "ಇವತ್ತೊಂದು ದಿನ ತಡೀರಿ" ಎಂದಳು. ಮುಸುವನ ಕಡೆ ತಿರುಗಿದಳು. "ಮೇಸ್ತ್ರೀ, ನನ್ನ ಕೈಲಿ ಆಗಲ್ಲ. ಬಯಲನ್ನು ನೀನೇ ಕತ್ತರಿಸಿಕೊಡು. ಮನೆಯ ಕೊನೇ ಮಡಕೆ ಜೇನು ಆ ನೇರಳೆ ಮರದಡಿ ಇಡ್ತೀನಿ. ಕೆಲಸ ಮುಗಿಸಿ ತಗೋ."

ಮುಸುವ ಒಪ್ಪಿದ. ಚೀಲವನ್ನು ಸೀಟಿನ ಮೇಲಿಟ್ಟು, ಅದರ ಮೇಲೆ ತಾನು ಕೂತು ಹೊರಟ. ಆದರೆ ಜೇನಿನ ಪರಿಮಳ ಅವನನ್ನು ಬಿಡಲಿಲ್ಲ. ಮರದ ಹತ್ತಿರ ಗಾಡಿ ತಿರುಗಿಸುವಾಗ ತಡೆಯಲಾರದೆ ಕೆಳಗೆ ಹಾರಿದ. ಮಡಕೆಯೊಳಗೆ ಮುಖ ತೂರಿಸಿದ. ಮಾರುದ್ದದ ಬಾಲ ಹಿಂದೆ ಹುಲ್ಲಿನಲ್ಲಿ ಬಿದ್ದುಕೊಂಡಿತು.

ಗಾಡಿ ನಿಲ್ಲಲಿಲ್ಲ. ಅದರ ಮೇಲೆ ಚೀಲ ಒಂದೇ ಕೂತಿತ್ತು. ಚಕ್ರ ಒಂದೇ ಕಡೆಗೆ ತಿರುಗಿತ್ತು. ಗಾಡಿ ದೊಡ್ಡದೊಂದು ಸುತ್ತು ಹಾಕಿ, ಬಂದ ದಾರಿಗೇ ಮರಳಿತು.

"ಮೇಸ್ತ್ರೀ, ಬಾಲ!" ಎಂದು ತುಂಗವ್ವ ಕೂಗಿದಳು.

ಮಡಕೆಯೊಳಗೆ ಏನು ಕೇಳಿಸುತ್ತದೆ? ಘರ್ರ್! ಬಾಲದ ತುದಿಯ ಕೂದಲೆಲ್ಲ ಹಾರಿಹೋಯಿತು. ಮುಸುವ ಮಡಕೆಯ ಸಮೇತ ಮರ ಹತ್ತಿದ. ಗಾಡಿ ಮರದ ಬೇರಿಗೆ ಬಡಿದು ವಾಲಿತು. ಚೀಲ ಕೆಳಗೆ ಉರುಳಿತು. ಸೀಟು ಟಣ್ಣನೆ ಮೇಲೆದ್ದಿತು.

ಫಟ್! ಗಾಡಿ ನಿಂತಿತು.

ತುಂಗವ್ವ ಹತ್ತಿರ ಹೋದಳು. ಚೀಲದಿಂದ ಬೆಲ್ಟು, ಪ್ಲಗ್, ಫಿಲ್ಟರ್ ಎಲ್ಲ ಹೊರಗೆ ಚೆಲ್ಲಿದ್ದವು.

"ಇದು ಮಾವನ ಗಾಡಿಯ ಬೆಲ್ಟಲ್ವಾ? ಹೋಗಿದೆ ಅಂದೆಯಲ್ಲಾ?"

"ಅದು... ನೆನಪಿಗಿರಲಿ ಅಂತ ಇಟ್ಕೊಂಡಿದ್ದೆ" ಎಂದು ಮರದ ಮೇಲಿಂದ ಸಣ್ಣ ದನಿ ಬಂತು.

ತುಂಗವ್ವ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳು ಸೀಟನ್ನೇ ನೋಡುತ್ತಿದ್ದಳು. ಗಾಡಿಯನ್ನು ಬೇರಿನಿಂದ ಬಿಡಿಸಿ ನೆಟ್ಟಗೆ ನಿಲ್ಲಿಸಿದಳು. ಒಂದು ಕಲ್ಲನ್ನು ಸೀಟಿನ ಮೇಲಿಟ್ಟು ಕೀಲಿ ತಿರುಗಿಸಿ, ಬ್ರೇಕ್ ಬಿಟ್ಟಳು. ಗಾಡಿ ಹೊರಟಿತು. ಕಲ್ಲನ್ನು ತಳ್ಳಿದಳು. ಫಟ್. ಅಂಜುತ್ತಾ ಸೀಟನ್ನು ಎತ್ತಿ ನೋಡಿದಳು. ಕೆಳಗೊಂದು ಸ್ವಿಚ್ಚಿತ್ತು. ಬ್ರೇಕ್ ಬಿಟ್ಟ ಮೇಲೆ, ಸೀಟಿನ ಮೇಲೆ ಭಾರ ಬಿದ್ದು ಸ್ವಿಚ್ಚು ಒತ್ತಿದ್ದರೆ ಮಾತ್ರ ಗಾಡಿ ಓಡುತ್ತಿತ್ತು. ಅದರ ಪಕ್ಕದಲ್ಲೇ ಒಂದು ತಗಡು, ತಗಡಿನ ಮೇಲೆ ಗಾಡಿಯ ನಂಬರು!

"ತುಂಗಕ್ಕಾ, ಅದಕ್ಕೆ ಬೇಕಾಗಿದ್ದು ಪಾರ್ಟಲ್ಲ. ಕೂರುವವರು" ಎಂದಳು ಬಿಳಿಯಕ್ಕ.

ತುಂಗವ್ವ ಗವಿಗೆ ಓಡಿ, ತಲೆ ತಗ್ಗಿಸಿ ನಿಂತಳು. "ಮಾವಾ, ನಿಮ್ಮ ಸೀಟಿನ ಮೇಲೆ ಕೂತರೆ ಮಾತ್ರ ಗಾಡಿ ಓಡುತ್ತಂತೆ."

"ಮತ್ತೆ ಇಷ್ಟು ದಿನ ಎಲ್ಲಿ ಕೂತಿದ್ದೆಯವ್ವಾ?"

"ಕೂತಿರಲಿಲ್ಲ. ನಿಂತಿದ್ದೆ."

ಜೇನಜ್ಜ ಕೆಮ್ಮು ಬರುವವರೆಗೆ ನಕ್ಕ. ಆಮೇಲೆ ತಡವಿಕೊಂಡು ಅವಳ ತಲೆಯ ಮೇಲೆ ಕೈಯಿಟ್ಟ.

"ನಾನಲ್ಲಿ ಕೂತಿದ್ದು ದೊಡ್ಡಸ್ತಿಕೆಗಲ್ಲ ಕಣವ್ವಾ, ಹುಲ್ಲು ಕತ್ತರಿಸೋಕೆ. ನೀನು ಕೂತರೇ ನನಗೆ ಮರ್ಯಾದೆ. ಹೋಗು, ಹೊತ್ತು ಮುಳುಗೋದರೊಳಗೆ ಮುಗಿಸು."

ತುಂಗವ್ವ ಬಯಲಿಗೆ ಮರಳಿದಾಗ ಮುಸುವ ಬಾಲ ಹಿಡಿದುಕೊಂಡೇ ಮರದಿಂದ ಇಳಿದು ಬಂದ. ತುಂಗವ್ವ ಎದುರಿಗೆ ನಿಂತು, ತೆಗೆದ ಪಾರ್ಟುಗಳನ್ನೆಲ್ಲ ಅವನ ಕೈಯಿಂದಲೇ ವಾಪಸು ಹಾಕಿಸಿದಳು. ಆಮೇಲೆ ಉಸಿರು ಬಿಗಿಹಿಡಿದು ಸೀಟಿನ ಮೇಲೆ ಕೂತಳು. ಮೊದಲು ತುದಿಯಲ್ಲಿ, ಆಮೇಲೆ ಪೂರ್ತಿಯಾಗಿ. ಗುರ್ರ್ ಎಂದಿತು. ಬ್ರೇಕ್ ಬಿಟ್ಟಳು. ಗಾಡಿ ಓಡುತ್ತಲೇ ಹೋಯಿತು.

ಸಂಜೆಯ ಹೊತ್ತಿಗೆ ಬಯಲು ಬಟಾಬಯಲಾಯಿತು. ಅಡಗಲು ಜಾಗವಿಲ್ಲದೆ ಒಂದು ಚುಕ್ಕೆ ಬಾಲ ಹಳ್ಳ ದಾಟಿ ಹೋಗುವುದನ್ನು ಮೊಲದ ಮರಿಗಳು ಸಾಲಾಗಿ ನಿಂತು ನೋಡಿದವು. ನೇರಳೆ ಮರದ ಮೇಲೆ ಇನ್ನೊಂದು ಬಾಲ ನೇತಾಡುತ್ತಿತ್ತು. ಅದರ ತುದಿ ನುಣ್ಣಗಿತ್ತು.

ನೀತಿ: ಗೊತ್ತಿದ್ದ ಸತ್ಯವನ್ನು ಬಚ್ಚಿಟ್ಟು ಇನ್ನೊಬ್ಬರ ಗೊಂದಲದಿಂದ ಲಾಭ ಮಾಡಿಕೊಳ್ಳುವವನು ಕೊನೆಗೆ ತನ್ನ ಉಪಾಯಕ್ಕೆ ತಾನೇ ಸಿಕ್ಕಿಬೀಳುತ್ತಾನೆ.