ಮೊಗ್ಗು ಬಿಟ್ಟ ಮೋಡ

“ಗುರುಗಳೇ, ನಾನು ಎಳೆಯುವ ಗೆರೆಯೆಲ್ಲ ನಿಮ್ಮಿಂದ ಕಲಿತದ್ದು. ಊರವರು ನಕಲಿ ಅಂತ ನಗುತ್ತಾರೆ. ನನ್ನದು ಅನ್ನುವುದೇ ಇಲ್ಲದ ಮೇಲೆ ಕುಂಚ ಯಾಕೆ ಹಿಡಿಯಬೇಕು?” ಎಂದು ಕೇಳಿದ ಶಿಷ್ಯ, ತನ್ನ ಕುಂಚವನ್ನು ಗುರುಗಳ ಮುಂದಿಟ್ಟ.

ಗುರುಗಳು ಗಡ್ಡ ನೀವಿಕೊಂಡರು.

“ಒಂದು ಕತೆ ಕೇಳು. ಪ್ರತಿ ಮಾತೂ ಸತ್ಯ. ಸುಳ್ಳಿದ್ದರೆ ಈ ಗಡ್ಡ ನಿನ್ನದು. ಪರ್ಷಿಯಾ ದೇಶವನ್ನು ನನ್ನಷ್ಟು ಬಲ್ಲವರು ಈ ಸೀಮೆಯಲ್ಲೇ ಇಲ್ಲ. ಅಲ್ಲಿಗೆ ಹೋಗಿಲ್ಲ, ಅದು ಬೇರೆ ಮಾತು.

“ಅಲ್ಲಿ ಮರಳುಗಾಡಿನ ಅಂಚಿಗೆ ಒಬ್ಬ ಕುಂಬಾರನಿದ್ದ. ಒಂದು ವರ್ಷ ಚೀನಾದ ಬಟ್ಟಲುಗಳು ಒಂಟೆಯೇರಿ ಬಂದವು. ಬಿಳಿ ಮೈ, ನೀಲಿ ಚಿತ್ತಾರ. ಜನ ಅವನ್ನೇ ಕೊಂಡರು. ಕುಂಬಾರ ಮಡಕೆ ಸುಡುವ ಆವಿಗೆ ತಣ್ಣಗಾಯಿತು. ‘ಅಂಥದ್ದನ್ನೇ ಮಾಡು. ಇಲ್ಲವಾದರೆ ಆವಿಗೆಯಲ್ಲಿ ಕೋಳಿ ಸಾಕುತ್ತೇನೆ’ ಎಂದಳು ಹೆಂಡತಿ.

“ಚೀನಾದ ಬಟ್ಟಲೊಂದನ್ನು ಎದುರಿಗಿಟ್ಟುಕೊಂಡು ಅವನು ಕೂತ. ಅದರ ಬಿಳಿ ಮಣ್ಣು ಅವನ ನಾಡಿನಲ್ಲಿರಲಿಲ್ಲ. ಬೆಣಚುಕಲ್ಲು ಅರೆದು ಸೇರಿಸಿ, ಹೇಗೋ ಬಿಳುಪು ತಂದ. ಚೀನಾದ ಬಟ್ಟಲ ತುಂಬ ಸುರುಳಿ ಸುರುಳಿ ಮೋಡಗಳಿದ್ದವು. ಅವನ ಊರಿನ ಆಕಾಶಕ್ಕೆ ಮೋಡ ಬರುವುದೇ ಅಪರೂಪ. ಬಂದರೂ ಸುರುಳಿ ಸುತ್ತುವಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಆ ಸುರುಳಿಗಳನ್ನು ಅವನು ಬಳ್ಳಿ ಅಂದುಕೊಂಡ. ಪಾಪ, ಚೀನಾದವರು ಮೊಗ್ಗು ಬರೆಯಲು ಮರೆತಿದ್ದಾರೆ ಎಂದು, ತನ್ನ ಬಟ್ಟಲಿನ ಬಳ್ಳಿಗೆ ಅಲ್ಲಲ್ಲಿ ತಾನೇ ಮೊಗ್ಗು ಬರೆದ.

“ಚೀನಾದ ವ್ಯಾಪಾರಿ ಬಂದ. ಬಟ್ಟಲು ಎತ್ತಿ ನೋಡಿ, ಕೆಮ್ಮು ಬರುವಷ್ಟು ನಕ್ಕ.

“‘ಏನಯ್ಯಾ ಇದು? ಮೋಡಕ್ಕೆ ಮೊಗ್ಗು ಬಂದಿದೆ!’

“‘ಅದು ಮೋಡವೇ?’ ಕುಂಬಾರನ ಮುಖ ಸಣ್ಣದಾಯಿತು. ಒಡೆದು ಹಾಕಲು ಬಟ್ಟಲಿಗೆ ಕೈ ಚಾಚಿದ. ವ್ಯಾಪಾರಿ ಅದನ್ನು ಎದೆಗೆ ಅವಚಿಕೊಂಡ.

“‘ಬಿಡಪ್ಪಾ! ಬರೀ ಮೋಡವನ್ನು ನಮ್ಮೂರಲ್ಲಿ ದಿನಾ ನೋಡುತ್ತೇವೆ. ಮೊಗ್ಗು ಬಿಡುವ ಮೋಡ ಎಲ್ಲಿದೆ? ಇದು ನನ್ನ ಮನೆಗೆ. ಇಂಥವು ಇನ್ನಷ್ಟು ಮಾಡು, ಎಲ್ಲವನ್ನೂ ಒಯ್ಯುತ್ತೇನೆ.’

“ಆವಿಗೆ ಮತ್ತೆ ಹೊತ್ತಿತು. ಹೆಂಡತಿ ಕೋಳಿಗಳಿಗೆ ಬೇರೆ ಗೂಡು ಹುಡುಕಿದಳು.”

ಶಿಷ್ಯ ನಕ್ಕುಬಿಟ್ಟ. “ಇಷ್ಟೂ ನಿಜವೇ, ಗುರುಗಳೇ?”

ಗುರುಗಳು ಕುಂಚವನ್ನು ಎತ್ತಿ ಅವನ ಕೈಗಿಟ್ಟು, ಗಡ್ಡವನ್ನು ಮುಂದೆ ಚಾಚಿದರು.

“ಒಂದೇ ಒಂದು ಕೂದಲು ಕಿತ್ತುಕೋ, ಮಗು: ನನ್ನ ಗುರುಗಳು ಹೇಳಿದ ಕತೆಯಲ್ಲಿ ಬರೀ ಮೋಡವಿತ್ತು, ಮೊಗ್ಗು ನಾನು ಬರೆದದ್ದು.”