ಅಜ್ಜನವರ ತಂಬಿಗೆಯ ಗೀರು

ಹೆಸರಿಗಷ್ಟೇ ಅದು ಮಠ. ಪೂಜ್ಯ ನಿರಂಜನಜ್ಜನವರು ನೆಲೆಸಿದ್ದದ್ದು ಎರಡು ಅಂಕಣದ ಮಣ್ಣಿನ ಮನೆಯಲ್ಲಿ. ಅವರದೆಂದು ಹೇಳಿಕೊಳ್ಳಲು ಇದ್ದದ್ದು ಒಂದು ಕಂಬಳಿ, ಒಂದು ತಾಮ್ರದ ತಂಬಿಗೆ.

ಅಲ್ಲಿಗೆ ಒಂದು ಮುಂಜಾನೆ ಮಾನಪ್ಪ ಪತ್ತಾರ ಬಂದ. ಸ್ವಾಮಿಗಳೆಂದರೆ ಮೂಗು ಮುರಿಯುವ ಆಸಾಮಿ. ಅಜ್ಜನವರ ಹತ್ತಿರ ಹೋಗೆಂದು ಹೆಂಡತಿ ಕೊಡುತ್ತಿದ್ದ ಕಾಟ ತಾಳಲಾರದೆ ಬಂದಿದ್ದ. ಬೆಳ್ಳಿಯ ಮೇಲೆ ಬಳ್ಳಿ ಕೆತ್ತುವುದರಲ್ಲಿ ಸುತ್ತ ಹತ್ತೂರಲ್ಲಿ ಅವನ ಸಮ ಇರಲಿಲ್ಲ. ಬಳ್ಳಿಯ ಗೆರೆ ಮುಗಿದ ಮೇಲೆ ಅದರ ಎರಡೂ ಬದಿಗೆ ಭತ್ತದ ಕಾಳಿನಂಥ ಪುಟ್ಟ ಗೀರು ಹಾಕಬೇಕು; ಅವೇ ಬಳ್ಳಿಯ ಎಲೆ. ಕೆತ್ತನೆಗೆ ಕಳೆ ಬರುವುದೇ ಅದರಿಂದ. ಹೋದ ವರ್ಷ ಊರ ದೇವಿಯ ಬೆಳ್ಳಿ ಮುಖಕ್ಕೆ ಆ ಗೀರು ಹಾಕುವಾಗ ಎಡಬದಿಯಲ್ಲಿ ಕೆತ್ತುವ ಚಾಣ ಜಾರಿ, ಕೆನ್ನೆಯುದ್ದಕ್ಕೂ ಗಾಯವಾಗಿತ್ತು. ಊರವರು ಬೈಯಲಿಲ್ಲ, ಬೆಳ್ಳಿ ಕರಗಿಸಿ ಮತ್ತೆ ಅವನಿಗೇ ಕೊಟ್ಟರು. ಹೊಸ ಮುಖದ ಗೆರೆಗಳೆಲ್ಲ ಮುಗಿದಿದ್ದವು. ಉಳಿದದ್ದು ಆ ಪುಟ್ಟ ಗೀರುಗಳು ಮಾತ್ರ. ಹಬ್ಬಕ್ಕೆ ಎಂಟೇ ದಿನ. ಆಗದಿದ್ದರೆ ಅಜ್ಜ ಮುತ್ತಜ್ಜರ ಕಸುಬಿಗೆ ಕೈಮುಗಿದುಬಿಡುವುದೆಂದು ನಿಶ್ಚಯಿಸಿದ್ದ.

ಕೂತವನೇ ಚೀಲದಿಂದ ತಾಮ್ರದ ತಗಡು ತೆಗೆದು ಮುಂದಿಟ್ಟ.

"ವರ್ಷಾತು, ದಿನಾ ಇದರ ಮ್ಯಾಲ ರೂಢಿ ಮಾಡತೀನ್ರಿ. ಒಂದೂ ತಪ್ಪಂಗಿಲ್ಲ. ಬೆಳ್ಳಿ ಮುಟ್ಟಿದ್ರ ಕೈ ನಡಗತೈತಿ. ವಿಭೂತಿಯಿಂದ ಹೋಗೂದಿದ್ರ ಕೊಡ್ರಿ, ಇಲ್ಲಂದ್ರ ಇಲ್ಲ ಅಂತ ಹೇಳಿಬಿಡ್ರಿ."

ಅಜ್ಜನವರು ತಗಡನ್ನು ಬೆಳಕಿಗೆ ಹಿಡಿದು ನೋಡಿದರು.

"ಎಲಿ ಎಲ್ಲಾ ಬಲಕ್ಕ ಅದಾವಲ್ಲಪಾ. ಎಡಕ್ಕ ಯಾಕಿಲ್ಲ?"

ಮಾನಪ್ಪ ತಗಡನ್ನು ಕಸಿದುಕೊಂಡಂತೆ ತೆಗೆದುಕೊಂಡ. ಸಾವಿರ ಗೀರುಗಳಿದ್ದವು, ಎಡಬದಿಗೆ ಒಂದಾದರೂ ಇರಲಿಲ್ಲ. ಅಭ್ಯಾಸ ಮಾಡುತ್ತಿದ್ದೇನೆ ಅಂದುಕೊಂಡು ವರ್ಷವಿಡೀ ಅವನು ತಪ್ಪಿಸಿಕೊಂಡು ತಿರುಗಿದ್ದ.

ಅಜ್ಜನವರು ತಮ್ಮ ತಂಬಿಗೆಯ ನೀರನ್ನು ಗಿಡಕ್ಕೆ ಸುರಿದು, ಅದನ್ನು ಅವನ ತೊಡೆಯ ಮೇಲಿಟ್ಟರು.

"ಎಡದ್ದು ಇದರ ಮ್ಯಾಲ ಹಾಕು."

"ತಪ್ಪಿದ್ರ ಕೆಡತೈತ್ರಿ, ಅಜ್ಜಾರ!"

"ನೀರ ಸೋರತಾವೇನು?"

ಮಾನಪ್ಪ ಚೀಲದಿಂದ ಚಾಣ ತೆಗೆದು ಹಿಡಿದ. ಎರಡು ಗೀರು ಹೇಗೋ ಬಿದ್ದವು. ಮೂರನೆಯದಕ್ಕೆ ಚಾಣ ಜಾರಿ, ತಂಬಿಗೆಯ ಕಂಠದಿಂದ ಹೊಟ್ಟೆಯವರೆಗೆ ಉದ್ದನೆಯ ಗೀರು ಎಳೆಯಿತು. ಅವನಿಗೆ ಜೀವವೇ ಹೋದಂತಾಯಿತು. ಅಜ್ಜನವರು ಎದ್ದು ಅದೇ ತಂಬಿಗೆಯನ್ನು ಕೊಡದಲ್ಲಿ ಅದ್ದಿ, ನೀರು ಕುಡಿದರು. ಕಂಬಳಿಯಿಂದ ಒರೆಸಿ ಮತ್ತೆ ಅವನ ತೊಡೆಯ ಮೇಲಿಟ್ಟರು.

"ಹೂಂ, ಮುಂದಿಂದು."

ಮಾನಪ್ಪ ಗಳಗಳ ಅತ್ತ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು ನಾಲ್ಕನೆಯದನ್ನು ಹಾಕಿದ. ಹೊತ್ತು ಇಳಿಯುವಷ್ಟರಲ್ಲಿ ತಂಬಿಗೆಯ ತುಂಬ ಎಡಮುಖದ ಎಲೆಗಳಿದ್ದವು. ವಿಭೂತಿ ಕೇಳುವುದು ಮರೆತೇ ಹೋಗಿತ್ತು; ಅಜ್ಜನವರ ಪಾದಕ್ಕೆ ಹಣೆ ಹಚ್ಚುವುದು ಮರೆಯಲಿಲ್ಲ. ಹಬ್ಬದ ದಿನ ದೇವಿ ಎರಡೂ ಬದಿಗೆ ಎಲೆ ತುಂಬಿದ ಹೊಸ ಮುಖ ಧರಿಸಿದಳು.

ಅಜ್ಜನವರು ಲಿಂಗೈಕ್ಯರಾದ ಮೇಲೆ ತಂಬಿಗೆ ಪೂಜೆಗೆ ಬಂತು. ಆ ಉದ್ದನೆಯ ಗೀರನ್ನು ಉಜ್ಜಿ ತೆಗೆದುಕೊಡಲು ಭಕ್ತರು ಮಾನಪ್ಪನನ್ನೇ ಕರೆಸಿದರು. ಮುದುಕನಾಗಿದ್ದ ಅವನು ತಂಬಿಗೆಯನ್ನು ಎದೆಗವಚಿಕೊಂಡು ಹೇಳಿದ:

"ಎಲಿ ಬೇಕಾದ್ರ ಎಲ್ಲಾ ತಗೀತೀನಿ. ಅದೊಂದು ಮಾತ್ರ ಮುಟ್ಟಂಗಿಲ್ಲ. ನನಗ ದೀಕ್ಷಾ ಆದದ್ದು ಅಲ್ಲೇ."